ದಾರಿಗೆ ಏಳು ಮೊಳ

(ಶಿವಾರಪಟ್ಟಣದ ಮಸೀದಿಯಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ಮಾಡಿದ ಬಯಾನಿನ ಕನ್ನಡ ಸಾರಾಂಶ)





ಜುಮಾದ ಹೆಸರನ್ನೇ ಹೊತ್ತ ಅಧ್ಯಾಯವೊಂದು ಪವಿತ್ರ ಕುರ್‌ಆನಿನಲ್ಲಿದೆ. ಅದರ 9ನೇ ವಚನವನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಶುಕ್ರವಾರದ ಅಝಾನ್ ಕೇಳಿದ ಕೂಡಲೇ ವ್ಯಾಪಾರ ಬಿಟ್ಟು ಅಲ್ಲಾಹನ ಸ್ಮರಣೆಯ ಕಡೆಗೆ ಧಾವಿಸಬೇಕೆಂಬ ಆಜ್ಞೆ ಅದರಲ್ಲಿದೆ. ಅದರ ಪಕ್ಕದಲ್ಲೇ ಇರುವ 10ನೇ ವಚನವನ್ನು ಅಷ್ಟು ಗಮನವಿಟ್ಟು ಕೇಳುವುದಿಲ್ಲ. ನಮಾಜ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಿರಿ ಎಂಬ ಅರ್ಥದ ಆದೇಶ ಅದು. ಗಮನಿಸಿ, ವ್ಯಾಪಾರವನ್ನು ಬಿಡಲು ಹೇಳಿದ್ದು ಸ್ವಲ್ಪ ಹೊತ್ತಿಗೆ. ಮರಳಿ ಹೋಗಲು ಹೇಳಿದ್ದೂ ಅಲ್ಲಾಹನೇ. ದುಡಿದು ತಿನ್ನುವವನು ತಕ್ಕಡಿ ಹಿಡಿದು ಬೀದಿಯಲ್ಲಿ ನಿಂತಾಗ ಆ ಆಜ್ಞೆಯ ಎರಡನೇ ಭಾಗವನ್ನು ಪಾಲಿಸುತ್ತಿರುತ್ತಾನೆ.

ನಮ್ಮ ಊರಿನ ಹೆಸರು ಹೊರಗಿನವರಿಗೆ ಗೊತ್ತಿರುವುದು ಕಲ್ಲಿನ ಕೆತ್ತನೆಯಿಂದ. ಉಳಿ ಹಿಡಿಯದ ಮನೆಗಳಲ್ಲಿ ಹಲವು ಮನೆಗಳು ಗಾಡಿ ತಳ್ಳಿ ಬದುಕುತ್ತವೆ. ಹಣ್ಣು, ಮೊಟ್ಟೆ, ಚಪ್ಪಲಿ, ಬಳೆ, ಮಕ್ಕಳ ಬಟ್ಟೆ. ಬೆಳಗಿನ ಜಾವದ ಫಜ್ರ್‌ನಲ್ಲಿ ಮೊದಲ ಸಾಲಿನಲ್ಲಿರುವವರು ಹೆಚ್ಚಾಗಿ ಇವರೇ, ಏಕೆಂದರೆ ಅಲ್ಲಿಂದ ನೇರ ಮಂಡಿಗೆ ಹೋಗಬೇಕು. ಈ ಹೊತ್ತಿಗೆ ಅವರಲ್ಲಿ ಕೆಲವರು ಮಾಲೂರಿನಲ್ಲೋ ಕೋಲಾರದಲ್ಲೋ ಜುಮಾಕ್ಕೆ ನಿಂತಿರುತ್ತಾರೆ. ಗಾಡಿಯನ್ನು ಎಲ್ಲಿ ಬಿಟ್ಟಿರುತ್ತಾರೆ ಗೊತ್ತೆ? ಪಕ್ಕದಲ್ಲಿ ಸೊಪ್ಪು ಮಾರುವ ಹೆಂಗಸಿಗೆ "ಅಕ್ಕಾ, ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಬಂದಿರುತ್ತಾರೆ. ಆಕೆ ನಮ್ಮ ಧರ್ಮದವಳಲ್ಲ. ಆದರೂ ನಮ್ಮ ಹುಡುಗನ ಜುಮಾ ನಡೆಯುವುದು ಆಕೆಯ ನಂಬಿಕೆಯ ಮೇಲೆ.

ಇವತ್ತು ಈ ವಿಷಯ ಎತ್ತಿಕೊಳ್ಳಲು ಒಂದು ಕಾರಣವಿದೆ. ಹೋದ ತಿಂಗಳು ನಮ್ಮ ಜಮಾಅತಿನ ಕೆಲವು ಅಂಗಡಿ ಮಾಲೀಕರು ನನ್ನ ಬಳಿ ಒಂದು ಅರ್ಜಿ ತಂದರು. ಅವರ ಅಂಗಡಿಗಳು ಹತ್ತಿರದ ಪಟ್ಟಣವೊಂದರ ಪೇಟೆ ಚೌಕದಲ್ಲಿವೆ. ಯಾವ ಪಟ್ಟಣವೆಂದು ಹೇಳಬೇಕಾಗಿಲ್ಲ, ಇಲ್ಲಿ ಕೂತ ಬಹುಮಂದಿಗೆ ಗೊತ್ತು. ಚೌಕದಲ್ಲಿ ನಿಲ್ಲುವ ಎಲ್ಲ ತಳ್ಳುಗಾಡಿಗಳನ್ನೂ, ನೆಲದಲ್ಲಿ ಟಾರ್ಪಾಲು ಹಾಸಿ ಕೂರುವವರನ್ನೂ ತೆಗೆಸಬೇಕು, ಜನರಿಗೆ ನಡೆಯಲು ಜಾಗವಿಲ್ಲ ಎಂದು ಅರ್ಜಿಯಲ್ಲಿ ಬರೆದಿತ್ತು. ಇಮಾಮರ ಸಹಿಯೂ ಇದ್ದರೆ ತೂಕ ಬರುತ್ತದೆ ಎಂದರು. ನಾನು ಸಹಿ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಮರೆಯಲ್ಲಿ ಮಾತಾಡುವುದಕ್ಕಿಂತ ಎಲ್ಲರೆದುರು ಹೇಳುವುದು ಒಳ್ಳೆಯದು. ಅರ್ಜಿ ತಂದವರು ನನ್ನ ಆತ್ಮೀಯರು. ಅವರ ಮಾತಿನಲ್ಲಿ ನಿಜವಿಲ್ಲ ಎಂದೂ ನಾನು ಹೇಳುವುದಿಲ್ಲ. ಬಾಡಿಗೆ ಕಟ್ಟಿ, ಲೈಸೆನ್ಸ್ ಮಾಡಿಸಿ, ತೆರಿಗೆ ಕೊಟ್ಟು ಕೂತವನ ಬಾಗಿಲ ಎದುರೇ ಅದೇ ಸಾಮಾನನ್ನು ಇನ್ನೊಬ್ಬ ಅರ್ಧ ಬೆಲೆಗೆ ಮಾರಿದರೆ ಹೊಟ್ಟೆ ಉರಿಯುತ್ತದೆ. ನಡೆಯಲು ಜಾಗವಿಲ್ಲ ಎಂಬುದೂ ನಿಜವೇ. ಆದರೆ ಆ ಜಾಗವನ್ನು ತಿಂದವರು ಯಾರು, ಅದನ್ನು ಬಿಡಬೇಕಾದವರು ಯಾರು ಎಂಬ ಲೆಕ್ಕ ಅರ್ಜಿಯಲ್ಲಿ ಸರಿಯಾಗಿರಲಿಲ್ಲ.

ಮೊದಲು ದೀನ್ ಏನು ಹೇಳುತ್ತದೆ ನೋಡೋಣ.

ಹಗ್ಗ ತೆಗೆದುಕೊಂಡು ಬೆಟ್ಟಕ್ಕೆ ಹೋಗಿ, ಸೌದೆಯ ಹೊರೆಯನ್ನು ಬೆನ್ನ ಮೇಲೆ ತಂದು ಮಾರುವವನು ಜನರ ಮುಂದೆ ಕೈ ಚಾಚುವವನಿಗಿಂತ ಉತ್ತಮ ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಆ ಸೌದೆಯವನಿಗೆ ಅಂಗಡಿಯಿರಲಿಲ್ಲ. ಅವನು ಹೊರೆ ಇಳಿಸುವ ಕಡೆಯೇ ಅವನ ಅಂಗಡಿ. ಬೀದಿ ವ್ಯಾಪಾರಿಯನ್ನು ಪ್ರವಾದಿ(ಸ)ರು ಗೌರವದ ಉದಾಹರಣೆಯಾಗಿ ತೆಗೆದುಕೊಂಡಿದ್ದಾರೆ.

ಇನ್ನು ಮದೀನಾದ ಮಾರುಕಟ್ಟೆ. ಪ್ರವಾದಿ(ಸ)ರು ಅಲ್ಲಿದ್ದ ಪೇಟೆಗಳನ್ನು ನೋಡಿ, ಇವು ನಿಮಗೆ ತಕ್ಕವಲ್ಲವೆಂದು, ಬೇರೆ ಬಯಲೊಂದನ್ನು ಮುಸ್ಲಿಮರ ಮಾರುಕಟ್ಟೆಯೆಂದು ಗೊತ್ತುಮಾಡಿದರು. ಅದನ್ನು ಕುಗ್ಗಿಸಬಾರದು, ಅದರ ಮೇಲೆ ತೆರಿಗೆ ಹೇರಬಾರದು ಎಂದರೆಂದು ಇಬ್ನು ಮಾಜದಲ್ಲಿ ವರದಿಯಿದೆ. ಇದರ ಸನದಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಆ ಮಾರುಕಟ್ಟೆ ನಡೆದ ರೀತಿಯನ್ನು ಮದೀನಾದ ಚರಿತ್ರೆ ಬರೆದವರು ವಿವರಿಸಿದ್ದಾರೆ. ಯಾರಿಗೂ ಶಾಶ್ವತ ಜಾಗವಿರಲಿಲ್ಲ. ಬೆಳಿಗ್ಗೆ ಮೊದಲು ಬಂದವನು ಮೊದಲ ಜಾಗದಲ್ಲಿ ಕೂರುತ್ತಿದ್ದ. ಮುಸ್ಲಿಮರ ಮಾರುಕಟ್ಟೆ ಮಸೀದಿಯ ಹಾಗೆ, ಮೊದಲು ಬಂದವನಿಗೆ ಆ ದಿನದ ಮಟ್ಟಿಗೆ ಆ ಜಾಗ ಎಂಬ ಅಭಿಪ್ರಾಯ ಹಝ್ರತ್ ಅಲಿ(ರ)ರಿಂದ ವರದಿಯಾಗಿದೆ. ಮಸೀದಿಯಲ್ಲಿ ಮೊದಲ ಸಾಲು ಶ್ರೀಮಂತನಿಗೆಂದು ಮೀಸಲಿದೆಯೇ? ಹಾಗೆಯೇ ಅಲ್ಲಿಯೂ. ಹಝ್ರತ್ ಉಮರ್(ರ)ರ ಕಾಲದಲ್ಲಿ ಕಮ್ಮಾರನೊಬ್ಬ ಆ ಮಾರುಕಟ್ಟೆಯೊಳಗೆ ಕುಲುಮೆ ಕಟ್ಟಿಕೊಂಡ. ಉಮರ್(ರ)ರು ಅದನ್ನು ಒಡೆಸಿದರು, ಪ್ರವಾದಿಯ ಮಾರುಕಟ್ಟೆಯನ್ನು ಇಕ್ಕಟ್ಟು ಮಾಡುತ್ತೀಯಾ ಎಂದು ಗದರಿಸಿದರು ಎಂದು ಸಮ್ಹೂದಿಯವರ ಗ್ರಂಥದಲ್ಲಿದೆ. ಕಮ್ಮಾರನ ಕೆಲಸ ಹಲಾಲೇ. ಅವನು ಎಲ್ಲರ ಜಾಗದಲ್ಲಿ ತನ್ನದೆಂದು ಬೇರು ಬಿಟ್ಟದ್ದು ತಪ್ಪಾಯಿತು.

ಈಗ ನಡೆಯುವವರ ಹಕ್ಕಿಗೆ ಬರೋಣ. ದಾರಿಯ ವಿಷಯದಲ್ಲಿ ಜಗಳವಾದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ)ರು ತೀರ್ಪು ಕೊಟ್ಟರು. ಹಝ್ರತ್ ಅಬೂ ಹುರೈರ(ರ)ರ ವರದಿ, ಬುಖಾರಿಯಲ್ಲೂ ಮುಸ್ಲಿಮಿನಲ್ಲೂ ಇದೆ. ಮೊಳ ಎಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಚೌಕದಲ್ಲಿ ಮಲ್ಲಿಗೆ ಮಾರುವ ಹೆಂಗಸು ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದು ಅಳೆಯುತ್ತಾಳಲ್ಲ, ಅದೇ ಮೊಳ. ಏಳು ಮೊಳವೆಂದರೆ ಸುಮಾರು ಹತ್ತೂವರೆ ಅಡಿ. ಹೊರೆ ಹೊತ್ತ ಒಂಟೆಗಳು ಎದುರುಬದುರು ಬಂದರೂ ದಾಟಬೇಕು ಎಂಬುದು ಆ ಅಳತೆಯ ಹಿಂದಿನ ಆಲೋಚನೆ.

ಈ ಹದೀಸಿಗೆ ಹಾಫಿಝ್ ಇಬ್ನು ಹಜರ್ ಅಸ್ಖಲಾನಿ ಬರೆದ ವಿವರಣೆ ಫತ್‌ಹುಲ್ ಬಾರಿಯಲ್ಲಿದೆ. ಅವರು ತೀರಿಕೊಂಡದ್ದು ಕ್ರಿ.ಶ. 1449ರಲ್ಲಿ, ಕೈರೋದಲ್ಲಿ. ಕೈರೋ ಆಗಲೇ ದೊಡ್ಡ ನಗರ, ಬೀದಿ ವ್ಯಾಪಾರಿಗಳು ತುಂಬಿದ ನಗರ. ದಾರಿಯ ಅಂಚಿನಲ್ಲಿ ಮಾರಲು ಕೂರುವವರ ವಿಷಯವನ್ನು ಅವರು ಈ ಹದೀಸಿನ ಕೆಳಗೇ ತರುತ್ತಾರೆ. ದಾರಿ ಏಳು ಮೊಳಕ್ಕಿಂತ ಅಗಲವಿದ್ದರೆ, ಹೆಚ್ಚಿರುವ ಜಾಗದಲ್ಲಿ ಕೂರುವುದನ್ನು ತಡೆಯಬಾರದು. ಕಡಿಮೆಯಿದ್ದರೆ ತಡೆಯಬೇಕು, ಬೇರೆಯವರಿಗೆ ದಾರಿ ಇಕ್ಕಟ್ಟಾಗಬಾರದು. ಅವರ ಮಾತಿನ ಸಾರ ಇಷ್ಟೇ. ಮದರಸದಲ್ಲಿ ಇದನ್ನು ಓದುವಾಗ ಪರೀಕ್ಷೆಗೆ ಬರುವ ಒಂದು ಸಾಲು ಎಂದುಕೊಂಡಿದ್ದೆವು. ಇವತ್ತಿನ ನಗರಸಭೆಗಳು ತಲೆ ಕೆಡಿಸಿಕೊಂಡಿರುವ ಸಮಸ್ಯೆಗೆ ಸುಮಾರು 600 ವರ್ಷದ ಹಿಂದೆ ಕೊಟ್ಟ ಉತ್ತರ ಇದು. ಎಲ್ಲರನ್ನೂ ಓಡಿಸು ಎಂದೂ ಅಲ್ಲ, ಎಲ್ಲಿ ಬೇಕಾದರೂ ಕೂರು ಎಂದೂ ಅಲ್ಲ. ಮೊದಲು ದಾರಿ ಅಳೆ, ನಡೆಯುವವರ ಪಾಲನ್ನು ತೆಗೆದಿಡು, ಉಳಿದದ್ದರಲ್ಲಿ ಮಾರುವವನು ಕೂರಲಿ. ನಮ್ಮ ಕಾಲದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಹ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಬಿಡಬೇಕೆಂದು ಅಳತೆ ಹಾಕಿದೆ. ಅಂದರೆ ಸುಮಾರು ನಾಲ್ಕು ಮೊಳ.

ಗಾಡಿಯವರು ಇದನ್ನು ಕಿವಿಗೊಟ್ಟು ಕೇಳಬೇಕು. ನಾನು ನಿಮ್ಮ ಪರವಾಗಿ ಮಾತಾಡುತ್ತಿದ್ದೇನೆ ಎಂದು ನೆಮ್ಮದಿಯಾಗಿ ಕೂತುಬಿಡಬೇಡಿ. ದಂಡಯಾತ್ರೆಯೊಂದರಲ್ಲಿ ಜನರು ಬಿಡಾರ ಹೂಡಿದ ಕಡೆ ಜಾಗ ಇಕ್ಕಟ್ಟು ಮಾಡಿದರು, ದಾರಿ ಕಟ್ಟಿದರು. ಪ್ರವಾದಿ(ಸ)ರು ಒಬ್ಬರನ್ನು ಕಳಿಸಿ ಕೂಗಿ ಹೇಳಿಸಿದರು: ಬಿಡಾರವನ್ನು ಇಕ್ಕಟ್ಟು ಮಾಡಿದವನಿಗೆ, ದಾರಿ ಕಟ್ಟಿದವನಿಗೆ ಆ ಜಿಹಾದಿನ ಪುಣ್ಯವೇ ಇಲ್ಲವೆಂದು. ಅಬೂ ದಾವೂದಿನಲ್ಲಿದೆ. ಅಲ್ಲಾಹನ ಹಾದಿಯಲ್ಲಿ ಪ್ರಾಣ ಕೊಡಲು ಹೊರಟವನ ಸ್ಥಿತಿಯೇ ಹೀಗಾದರೆ, ಎರಡು ಕಿಲೋ ಸಪೋಟ ಹೆಚ್ಚು ಮಾರಲೆಂದು ಗಾಡಿಯನ್ನು ಇನ್ನೆರಡು ಅಡಿ ಮುಂದೆ ಸರಿಸಿದವನ ಗತಿ ಏನು? ಸಂಜೆ ಆರು ಗಂಟೆಗೆ ಆ ಚೌಕದಲ್ಲಿ ಯಾರು ನಡೆಯುತ್ತಾರೆ ನೋಡಿ. ಕೂಸನ್ನು ಸೊಂಟದ ಮೇಲೆ ಹೊತ್ತ ತಾಯಿ, ಆಸ್ಪತ್ರೆಯಿಂದ ಬರುವ ಬಸುರಿ, ಕಾಲೇಜು ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗುವ ಹೆಣ್ಣುಮಕ್ಕಳು, ಕೋಲೂರಿಕೊಂಡ ಅಜ್ಜ. ಗಾಡಿಗಳ ಸಂದಿಯಲ್ಲಿ ದಾರಿ ಸಿಗದೆ ಆ ಮಗಳು ರಸ್ತೆಗೆ ಇಳಿದಾಗ ಟ್ರ್ಯಾಕ್ಟರ್ ಹಿಂದಿನಿಂದ ಬರುತ್ತಿರುತ್ತದೆ. ಗಾಡಿಗಳ ಗುಂಪಿನಲ್ಲಿ ನುಗ್ಗಿ ಹೋಗಬೇಕಾದಾಗ ಆಕೆಗೆ ಆಗುವ ಮುಜುಗರವನ್ನು ಮನೆಯಲ್ಲಿ ಕೇಳಿ ನೋಡಿ, ಅವರು ಹೇಳುತ್ತಾರೆ. ದಾರಿಯ ಬದಿಯಲ್ಲಿ ಕೂರುವವರು ದಾರಿಯ ಹಕ್ಕನ್ನು ಕೊಡಬೇಕೆಂದು ಪ್ರವಾದಿ(ಸ)ರು ಹೇಳಿದಾಗ, ಆ ಹಕ್ಕೇನೆಂದು ಸಹಾಬಿಗಳು ಕೇಳಿದರು. ಅವರು ಹೇಳಿದ ಪಟ್ಟಿಯಲ್ಲಿ ಮೊದಲು ಬಂದದ್ದು ದೃಷ್ಟಿ ತಗ್ಗಿಸುವುದು, ಆಮೇಲೆ ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರ ಕೊಡುವುದು. ವ್ಯಾಪಾರವಿಲ್ಲದ ಹೊತ್ತಿನಲ್ಲಿ ಗಾಡಿಯ ಹಿಂದೆ ಗುಂಪು ಸೇರಿ ಹೋಗುವವರನ್ನು ನೋಡುತ್ತಾ ನಿಲ್ಲುವ ಹುಡುಗರು ಈ ಪಟ್ಟಿಯ ಮೊದಲ ಸಾಲಿಗೇ ಫೇಲ್. ಗಾಡಿ ಎತ್ತುವಾಗ ಕೊಳೆತ ಹಣ್ಣು, ಹುಲ್ಲು, ಪ್ಲಾಸ್ಟಿಕ್ ಅಲ್ಲೇ ಬಿಟ್ಟು ಹೋಗುವವರಿಗೂ ಇದೇ ಮಾತು. ದಾರಿಯಿಂದ ಮುಳ್ಳಿನ ಕೊಂಬೆಯನ್ನು ಪಕ್ಕಕ್ಕೆ ಸರಿಸಿದ ಒಬ್ಬನನ್ನು ಅಲ್ಲಾಹನು ಅದಕ್ಕಾಗಿಯೇ ಕ್ಷಮಿಸಿದನೆಂದು ಕೇಳಿದ್ದೇವೆ. ಬಾಳೆಹಣ್ಣಿನ ಸಿಪ್ಪೆ ಹಾಕಿ ಹೋದವನ ಬಗ್ಗೆ ಏನೆಂದುಕೊಳ್ಳಬೇಕೋ ನೀವೇ ಯೋಚಿಸಿ.

ಇನ್ನು ಅರ್ಜಿ ತಂದವರಿಗೆ. ಹಿದಾಯ ನಮ್ಮ ಹನಫಿ ಮದರಸಗಳಲ್ಲಿ ಪ್ರತಿಯೊಬ್ಬ ಆಲಿಮ್ ಓದುವ ಗ್ರಂಥ. ಮರ್ಗೀನಾನಿಯವರು ಕ್ರಿ.ಶ. 12ನೇ ಶತಮಾನದಲ್ಲಿ ಬರೆದದ್ದು. ಅದರಲ್ಲಿ ದಾರಿಗೆ ಸಂಬಂಧಿಸಿದ ಒಂದು ಭಾಗವಿದೆ. ಯಾರಾದರೂ ಸಾರ್ವಜನಿಕ ದಾರಿಗೆ ಚಾಚಿಕೊಳ್ಳುವಂತೆ ನೀರಿನ ದೋಣಿ ಇಟ್ಟರೆ, ಮಾಡು ಚಾಚಿದರೆ, ಕಟ್ಟೆ ಕಟ್ಟಿದರೆ, ಅದನ್ನು ತೆಗೆಸಲು ಜನರಲ್ಲಿ ಯಾರಿಗಾದರೂ ಹಕ್ಕಿದೆ. ತೀರ ಸಾಮಾನ್ಯ ಮನುಷ್ಯನಿಗೂ ಹಕ್ಕಿದೆ. ಅದು ಬಿದ್ದು ಯಾರಿಗಾದರೂ ಪೆಟ್ಟಾದರೆ, ದಾರಿಯಲ್ಲಿಟ್ಟ ಕಲ್ಲಿಗೆ ಎಡವಿ ಯಾರಾದರೂ ಸತ್ತರೆ, ಇಟ್ಟವನ ಕಡೆಯವರು ಪರಿಹಾರ ಕಟ್ಟಬೇಕು. ಕಲ್ಲಿನ ಊರಿನವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಲಾರಿಯಿಂದ ದೊಡ್ಡ ಬಂಡೆ ಇಳಿಸುವಾಗ ಇಲ್ಲಿನ ಶಿಲ್ಪಿಗಳ ಕಡೆಯವರು ದಾರಿ ಬಿಟ್ಟು ಇಳಿಸುವುದನ್ನು ನಾವು ನೋಡುತ್ತಲೇ ಇದ್ದೇವೆ.

ಅರ್ಜಿ ಬಂದ ಮೇಲೆ ನಾನು ಒಂದು ಮಂಗಳವಾರ ಅಸರ್ ಮುಗಿಸಿ ಆ ಚೌಕಕ್ಕೆ ಹೋಗಿ ನಿಂತೆ. ಅಂಗಡಿಗಳ ಶಟರಿನಿಂದ ಹೊರಗೆ ಎರಡು ಮೆಟ್ಟಿಲು. ಅದರ ಮುಂದೆ ಸಾಮಾನಿನ ರಾಶಿ: ಪ್ಲಾಸ್ಟಿಕ್ ಬಕೆಟ್, ಚೂಡಿದಾರ ತೊಡಿಸಿದ ಗೊಂಬೆ, ಅಕ್ಕಿ ಮೂಟೆ. ಮೇಲೆ ತಗಡಿನ ಶೀಟು, ಅದಕ್ಕೆ ಆಧಾರವಾಗಿ ಫುಟ್‌ಪಾತಿನಲ್ಲೇ ನೆಟ್ಟ ಕಂಬ. ಅದರಾಚೆ ಮಾಲೀಕರ, ಕೆಲಸದವರ, ಗಿರಾಕಿಗಳ ಬೈಕುಗಳು. ಅದರಾಚೆ ಒಂದೆರಡು ಕಾರು. ತಳ್ಳುಗಾಡಿ ಇರುವುದು ಇವೆಲ್ಲದರ ಆಚೆ, ಏಕೆಂದರೆ ಒಳಗೆ ಅವನಿಗೆ ಜಾಗವೇ ಉಳಿದಿಲ್ಲ. ಒಂದು ಕಾರು ನಿಂತ ಜಾಗದಲ್ಲಿ ಮೂರು ತಳ್ಳುಗಾಡಿ ನಿಲ್ಲುತ್ತವೆ. ಬೆಳಿಗ್ಗೆ ನಿಲ್ಲಿಸಿದ ಕಾರು ರಾತ್ರಿಯವರೆಗೆ ಅಲ್ಲೇ ನಿಂತಿರುತ್ತದೆ, ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಆದರೂ ನಮ್ಮ ಕಣ್ಣಿಗೆ ಅಡ್ಡಿಯಾಗಿ ಕಾಣುವುದು ಗಾಡಿ, ಕಾರಲ್ಲ. ಕೊನೆಗೆ ಬಂದು ನಿಂತವನು ಎಲ್ಲರಿಗೂ ಕಾಣುತ್ತಾನೆ. ಮೊದಲೇ ಚಾಚಿಕೊಂಡ ಕಟ್ಟೆಗೆ ಎಲ್ಲರ ಕಣ್ಣೂ ಹೊಂದಿಕೊಂಡುಬಿಟ್ಟಿದೆ. ಅರ್ಜಿಯಲ್ಲಿ ಗಾಡಿಯ ಹೆಸರಿತ್ತು, ಮೆಟ್ಟಿಲಿನ ಹೆಸರಿರಲಿಲ್ಲ, ಶೀಟಿನ ಹೆಸರಿರಲಿಲ್ಲ, ಬೈಕಿನ ಹೆಸರಿರಲಿಲ್ಲ. ಅದಕ್ಕೇ ನಾನು ಸಹಿ ಹಾಕಲಿಲ್ಲ.

ದೇಶದ ಕಾನೂನು ಏನು ಹೇಳುತ್ತದೆ ಎಂಬುದೂ ನಮಗೆ ತಿಳಿದಿರಬೇಕು. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19ನೇ ವಿಧಿ ಕೊಟ್ಟ ವೃತ್ತಿಯ ಹಕ್ಕಿನೊಳಗೆ ಬರುತ್ತದೆ ಎಂದಿತು. ಜೊತೆಗೇ, ಇಂಥ ಜಾಗವೇ ಬೇಕೆಂದು ಯಾರೂ ಹಟ ಹಿಡಿಯುವಂತಿಲ್ಲ, ಓಡಾಡುವವರಿಗೆ ತೊಂದರೆಯಾಗದಂತೆ ಸರ್ಕಾರ ಕಟ್ಟಳೆ ಹಾಕಬಹುದು ಎಂದೂ ಹೇಳಿತು. ಇಬ್ನು ಹಜರರ ಮಾತಿಗೂ ಇದಕ್ಕೂ ಎಷ್ಟು ದೂರವಿದೆ ನೀವೇ ನೋಡಿ. ಆಮೇಲೆ 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಂತು. ಅದು ನಗರ, ಪಟ್ಟಣಗಳಿಗೆ ಅನ್ವಯಿಸುತ್ತದೆ. ನಮ್ಮದು ಗ್ರಾಮ ಪಂಚಾಯಿತಿ, ಆದರೆ ನಮ್ಮವರು ಮಾರುವುದು ಪಟ್ಟಣದಲ್ಲಿ. ಆದ್ದರಿಂದ ಗಾಡಿಯವರು ಇದನ್ನು ನೆನಪಿಟ್ಟುಕೊಳ್ಳಿ. ಐದು ವರ್ಷಕ್ಕೊಮ್ಮೆಯಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಈಗಿರುವವರನ್ನು ಎಬ್ಬಿಸುವಂತಿಲ್ಲ. ಎಬ್ಬಿಸುವುದಾದರೆ, ಬೇರೆ ಕಡೆಗೆ ಕಳಿಸುವುದಾದರೆ 30 ದಿನಗಳ ನೋಟಿಸು ಕೊಡಬೇಕು. ಸಾಮಾನು ಹಿಡಿದುಕೊಂಡು ಹೋದರೆ ಪಟ್ಟಿ ಮಾಡಿ ಸಹಿ ಹಾಕಿ ಕೊಡಬೇಕು. ನೀವು ಹೋಗಿ ಕೇಳಿದಾಗ ಹಣ್ಣು, ತರಕಾರಿಯಂಥ ಬೇಗ ಕೆಡುವ ಸಾಮಾನನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಮರಳಿಸಬೇಕು. ಟೊಮೆಟೊ ಹಿಡಿದುಕೊಂಡು ಹೋಗಿ ನಾಳೆ ಬಾ ಎಂದರೆ ಅದು ಕಾಯ್ದೆಗೆ ವಿರುದ್ಧ. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋದ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಅಂಥ ಹೊತ್ತಿನಲ್ಲಿ ಎರಡು ಬಾಕ್ಸು ಹೋದರೆ ಒಂದು ಮನೆಯ ಬಂಡವಾಳವೇ ಹೋದ ಹಾಗೆ.

ಪ್ರತಿ ಪಟ್ಟಣದಲ್ಲಿ ಒಂದು ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಶೇ. 40 ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು, ಆ ವ್ಯಾಪಾರಿ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದೂ ಕಾಯ್ದೆಯಲ್ಲಿದೆ. ಎಲ್ಲಿ ಗಾಡಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದೆಲ್ಲ ಆ ಸಮಿತಿಯ ಸಲಹೆಯಂತೆ ಗೊತ್ತಾಗಬೇಕು. ಹಾಗೆಯೇ ಕಾಯ್ದೆಯಲ್ಲಿ ವ್ಯಾಪಾರಿಗಳ ಮೇಲೂ ಹೊಣೆ ಇದೆ: ಹೊತ್ತು ಮುಗಿದ ಮೇಲೆ ಸಾಮಾನು ತೆಗೆಯಬೇಕು, ಜಾಗ ಶುಚಿಯಾಗಿಡಬೇಕು. ಇಷ್ಟೆಲ್ಲ ಇರುವಾಗ "ಎಲ್ಲರನ್ನೂ ತೆಗೆಸಿ" ಎಂಬ ಒಂದು ಸಾಲಿನ ಅರ್ಜಿ ಯಾತಕ್ಕೆ?

ಕಾನೂನಿದ್ದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ, ಅದೂ ನಿಜ. ಬೆಂಗಳೂರಿನ ಸಿಟಿ ಮಾರ್ಕೆಟ್ ನಿಮಗೆಲ್ಲ ಗೊತ್ತು. 1928ರಲ್ಲಿ ಕಟ್ಟಿದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನದು. ಎದುರಿಗೆ ಜಾಮಿಯಾ ಮಸೀದಿ, ಸುತ್ತ ಗಾಡಿಗಳು, ಬಸ್ಸು, ಹೂವು, ಜನ. ಅಲ್ಲಿ 2019ರ ಆಗಸ್ಟಿನಲ್ಲಿ ಹೈಕೋರ್ಟಿನ ಆದೇಶದ ನಂತರ ಒತ್ತುವರಿ ಮಳಿಗೆಗಳನ್ನು ಕೆಡವಿದರು. ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲ ಎಂಬ ಭಯ ಸುಳ್ಳಲ್ಲ. ಈಗ ಹೋಗಿ ನೋಡಿದರೆ ಮತ್ತೆ ಅದೇ ನೂಕುನುಗ್ಗಲು. 2023ರ ನವೆಂಬರಿನಲ್ಲಿ ಜಯನಗರ 4ನೇ ಬ್ಲಾಕಿನ ವ್ಯಾಪಾರಿಗಳನ್ನು ಪಾಲಿಕೆಯವರು ಎಬ್ಬಿಸಿದಾಗ, ಕಾಯ್ದೆಯ ಕ್ರಮ ಪಾಲಿಸಿಲ್ಲವೆಂದು ವ್ಯಾಪಾರಿಗಳು ದೂರಿದರು. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಬೇರೆ ಪ್ರಯತ್ನವಾಯಿತು. ವಾಹನಕ್ಕೆ ಕಡಿಮೆ, ನಡೆಯುವವರಿಗೆ ಹೆಚ್ಚು ಎಂದು ರಸ್ತೆಯನ್ನೇ ಬದಲಿಸುವ ಕೆಲಸ 2022ರ ಕೊನೆಗೆ ಶುರುವಾಯಿತು. ಕೆಲಸ ನಡೆಯುವಾಗ ವ್ಯಾಪಾರಿಗಳು ಜಾಗ ಬಿಟ್ಟು ಕಷ್ಟಪಟ್ಟರು. ಗಿರಾಕಿಗಳ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲವೆಂದು ಅಂಗಡಿಯವರು ವಿರೋಧಿಸಿದರು. ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯ ಎರಡು ದಿನ ವಾಹನಗಳನ್ನೇ ನಿಲ್ಲಿಸಿದ್ದರು. ಜನ ರಸ್ತೆಯ ಮಧ್ಯದಲ್ಲೇ ಮಕ್ಕಳ ಕೈ ಹಿಡಿದು ನಡೆದರು. ಜಾಗ ಎಲ್ಲಿಂದ ಬಂತು? ಮಾರುವವನನ್ನು ಓಡಿಸಿ ಬಂದದ್ದಲ್ಲ, ವಾಹನವನ್ನು ದೂರ ನಿಲ್ಲಿಸಿ ಬಂದದ್ದು. ನಮ್ಮ ಪಟ್ಟಣಗಳಿಗೆ ಅಷ್ಟೆಲ್ಲ ಬೇಡ. ಚೌಕದೊಳಕ್ಕೆ ಸಂಜೆ ನಾಲ್ಕರಿಂದ ಎಂಟರವರೆಗೆ ಕಾರು ಬರದಿದ್ದರೂ ಸಾಕು, ಎಷ್ಟೋ ಉಸಿರಾಡಬಹುದು.

ಇನ್ನೊಂದು ಮಾತು, ಇದನ್ನು ಹೇಳದೆ ಮುಂದೆ ಹೋಗಲಾರೆ. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿ ಜಾತ್ರೆಯಲ್ಲಿ, ಆಮೇಲೆ ಬೇರೆ ಬೇರೆ ಊರುಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಜಾಗವಿಲ್ಲವೆಂದು ಬ್ಯಾನರು ಹಾಕಿದರು. ಆಗ ಈ ಮಸೀದಿಯಲ್ಲಿ ಕೂತು ನಾವೆಲ್ಲ ಎಷ್ಟು ನೊಂದುಕೊಂಡೆವು. ತಲೆತಲಾಂತರದಿಂದ ಬಳೆ, ಆಟಿಕೆ ಮಾರಿದವರು ಮೂಟೆ ಕಟ್ಟಿಕೊಂಡು ವಾಪಸ್ ಬಂದ ಸುದ್ದಿ ಓದಿದೆವು. ನಿನಗಿಲ್ಲಿ ಜಾಗವಿಲ್ಲ ಎಂಬ ಮಾತು ಎದೆಗೆ ಹೇಗೆ ತಟ್ಟುತ್ತದೆಂದು ನಮಗೆ ಗೊತ್ತು. ಆ ಅರ್ಜಿಯ ಪ್ರಕಾರ ಚೌಕ ಬಿಟ್ಟು ಹೋಗಬೇಕಾದವರು ಯಾರು? ಅರ್ಧ ನಮ್ಮ ಹುಡುಗರು. ಉಳಿದವರಲ್ಲಿ ಹಳ್ಳಿಗಳಿಂದ ಬುಟ್ಟಿ ಹೊತ್ತು ಬರುವ ದಲಿತ ಹೆಂಗಸರು, ಗಡಿಯಾಚೆಯಿಂದ ಬರುವ ತಮಿಳರು, ತೆಲುಗಿನವರು, ಗಂಡ ಸತ್ತ ಮೇಲೆ ಹೂ ಕಟ್ಟಲು ಕೂತ ಒಬ್ಬಾಕೆ. ಶುಕ್ರವಾರ ನಮ್ಮ ಹುಡುಗನ ಗಾಡಿ ಕಾಯುವವಳೂ ಅವರಲ್ಲೇ ಇದ್ದಾಳೆ. ಅವರಿಗೆ ಜಾಗವಿಲ್ಲವೆಂದು ಬರೆದ ಕಾಗದದ ಮೇಲೆ ಮಸೀದಿಯ ಮೊಹರು ಬೀಳುವುದು ಬೇಡ.

ಕೊಳ್ಳುವವರಿಗೂ ಒಂದು ಚಿಕ್ಕ ಮಾತು. ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಉದಾರವಾಗಿ ನಡೆದುಕೊಳ್ಳುವವನಿಗೆ ಪ್ರವಾದಿ(ಸ)ರು ಅಲ್ಲಾಹನ ಕರುಣೆಯನ್ನು ಹಾರೈಸಿದ್ದಾರೆ. ಮಾಲ್‌ನಲ್ಲಿ ಬರೆದ ಬೆಲೆಯನ್ನು ಬಾಯಿ ಮುಚ್ಚಿ ಕೊಟ್ಟು ಬಂದು, ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಇಳಿಸೆಂದು ಜಗಳ ಮಾಡುವುದು, ಜಗಳ ಮುಗಿಯುವವರೆಗೆ ಸ್ಕೂಟರನ್ನು ಗಾಡಿಯ ಪಕ್ಕದಲ್ಲೇ ರಸ್ತೆ ಮಧ್ಯೆ ಆನ್ ಮಾಡಿಟ್ಟುಕೊಂಡು ಕೂತಿರುವುದು, ಇದು ಬಿಡಬೇಕು. ಎರಡು ಹೆಜ್ಜೆ ಇಳಿದು ನಡೆದು ಕೊಂಡರೆ ಚೌಕದ ಅರ್ಧ ಗೊಂದಲ ಅಲ್ಲೇ ಕಡಿಮೆಯಾಗುತ್ತದೆ.

ಬೇರೆಯವರ ಚೌಕದ ಮಾತಾಯಿತು. ನಮ್ಮ ಬಾಗಿಲ ಮುಂದಿನದು? ಈಗ ನೀವು ಕೂತಿರುವಾಗ ಹೊರಗೆ ನಿಮ್ಮ ಬೈಕುಗಳು ಹೇಗೆ ನಿಂತಿವೆ ಎಂದು ನಾನು ಮಿಂಬರಿನಿಂದಲೇ ನೋಡಬಲ್ಲೆ. ಶುಕ್ರವಾರ ಒಂದರಿಂದ ಎರಡು ಗಂಟೆಯವರೆಗೆ ಈ ಬೀದಿಯಲ್ಲಿ ಶಾಲೆ ಮಕ್ಕಳು ಊಟಕ್ಕೆ ಹೋಗಲು, ಎದುರು ಮನೆಯ ಅಜ್ಜಿ ಬಾಗಿಲು ತೆರೆದು ಹೊರಗೆ ಬರಲು ದಾರಿಯಿಲ್ಲ. ಮುಜಾದಲ ಅಧ್ಯಾಯದ 11ನೇ ವಚನದಲ್ಲಿ ಸಭೆಗಳಲ್ಲಿ ಸ್ಥಳ ಬಿಡಲು ಹೇಳಿದಾಗ ಬಿಡಿರೆಂದೂ, ಹಾಗೆ ಬಿಟ್ಟವರಿಗೆ ಅಲ್ಲಾಹನು ವಿಶಾಲತೆ ಕೊಡುವನೆಂದೂ ಇದೆ. ಒಳಗೆ ಸಾಲಿನಲ್ಲಿ ಭುಜಕ್ಕೆ ಭುಜ ಕೊಟ್ಟು ಜಾಗ ಮಾಡಿಕೊಡುತ್ತೇವೆ. ಹೊರಗೆ ಬೈಕನ್ನು ಅಡ್ಡ ಹಾಕಿ ಬಂದಿರುತ್ತೇವೆ. ಮುಂದಿನ ಶುಕ್ರವಾರದಿಂದ ಬೈಕುಗಳೆಲ್ಲ ಮಸೀದಿಯ ಹಿಂದಿನ ಬಯಲಿಗೆ ಹೋಗಬೇಕೆಂದು ಕಮಿಟಿ ತೀರ್ಮಾನಿಸಿದೆ. ಇಬ್ಬರು ಯುವಕರು ನಿಂತು ತೋರಿಸುತ್ತಾರೆ. ಅವರ ಮೇಲೆ ರೇಗಬೇಡಿ. ಮುಂದಿನ ಗೇಟಿನ ಪಕ್ಕದಲ್ಲಿ ಹಣ್ಣಿನ ಗಾಡಿ ನಿಲ್ಲಿಸುವವರು ನಿಲ್ಲಲಿ, ಆದರೆ ಗೋಡೆಗೆ ಒತ್ತಿ ಸುಣ್ಣದ ಗೆರೆ ಎಳೆಯುತ್ತೇವೆ, ಅದರೊಳಗೆ. ಗೇಟಿನಿಂದ ಎದುರಿನ ಚರಂಡಿಯವರೆಗೆ ಏಳು ಮೊಳ ನಾನೇ ಅಳೆದು ನೋಡಿದ್ದೇನೆ. ಗಾಡಿ ನಿಂತರೂ ಉಳಿಯುತ್ತದೆ, ಬೈಕು ನಿಂತರೆ ಉಳಿಯುವುದಿಲ್ಲ.

ಅರ್ಜಿಯ ಬಗ್ಗೆ. ತಂದವರ ಜೊತೆಯಲ್ಲೇ ಕೂತು ಇನ್ನೊಂದು ಬರೆದಿದ್ದೇವೆ, ಗಾಡಿಯವರಲ್ಲಿ ಮೂವರು ಬಂದಿದ್ದರು. ಅದರಲ್ಲಿ ಕೇಳಿರುವುದು ಇಷ್ಟು: ಸಮೀಕ್ಷೆ ಮಾಡಿ, ವ್ಯಾಪಾರ ಸಮಿತಿ ಸಭೆ ಕರೆಯಿರಿ, ಚೌಕದ ಎರಡೂ ಬದಿಯಲ್ಲಿ ನಡೆಯುವ ದಾರಿಗೆ ಗೆರೆ ಹಾಕಿ, ಕಾರು ಬೈಕುಗಳಿಗೆ ಹಳೇ ಸಂತೆ ಮೈದಾನದಲ್ಲಿ ಜಾಗ ತೋರಿಸಿ. ಗೆರೆ ದಾಟಿದ ಮೆಟ್ಟಿಲು, ಶೀಟು ತಾವೇ ತೆಗೆಯುತ್ತೇವೆಂದು ಅಂಗಡಿಯವರಲ್ಲಿ ಐವರು ಒಪ್ಪಿದ್ದಾರೆ, ಇನ್ನೂ ಒಪ್ಪದವರಿದ್ದಾರೆ. ರಾತ್ರಿ ಒಂಬತ್ತಕ್ಕೆ ಗಾಡಿ ಎತ್ತಿ ಗುಡಿಸಿ ಹೋಗುವುದು ಗಾಡಿಯವರ ಮಾತು. ಕಾಗದ ಮುಅಝ್ಝಿನ್ ಸಾಹೇಬರ ಕೋಣೆಯಲ್ಲಿದೆ, ನನ್ನ ಸಹಿ ಮೊದಲನೆಯದು. ಓದಿ, ಒಪ್ಪಿದವರು ನಮಾಜಿನ ನಂತರ ಹಾಕಿ. ಹೆಂಗಸರ ಸಹಿಯೂ ಬೇಕು, ಆ ಚೌಕದಲ್ಲಿ ಹೆಚ್ಚು ನಡೆಯುವವರು ಅವರೇ. ಕಾಗದವನ್ನು ಮನೆಗೆ ಕೊಂಡೊಯ್ದು ತರುವವರು ಸೋಮವಾರದೊಳಗೆ ತಂದುಕೊಡಿ.

ಖುತ್ಬಾದ ಅಝಾನಿಗೆ ಇನ್ನು ಐದು ನಿಮಿಷವಿದೆ. ಸುನ್ನತ್ ಆಗದವರು ಎದ್ದು ಮಾಡಿಕೊಳ್ಳಿ. ಹಿಂದೆ ಬಾಗಿಲಲ್ಲಿ ನಿಂತವರು ಒಳಗೆ ಬನ್ನಿ, ಮುಂದಿನ ಸಾಲಿನಲ್ಲಿ ಇನ್ನೂ ಜಾಗವಿದೆ.